ಕುಶಲ ಕೇಳುವ ಆ್ಯಪ್

ಕೊಚ್ಚಿಯವರ ಆ್ಯಪ್ ನಮ್ಮ ಕುಂಬಳೆ ಪೇಟೆಗೂ ಬಂತೆಂದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬಾಯಲ್ಲಿ ಸಾಮಾನು ಹೇಳಿದರೆ ಸಾಕು, ಫೋನಿನಲ್ಲಿ ಬಿಲ್ಲು ತಯಾರು. ಅದನ್ನೇ ಮಾಡುತ್ತೇನೆಂದು ನಮ್ಮೂರ ಹುಡುಗಿ ಶಹನಾಝ್ ಎಂದೋ ವಿದ್ಯಾನಗರದಲ್ಲಿ ಕಂಪೆನಿ ತೆರೆದಿದ್ದಳು. ದುಡ್ಡು ಹಾಕಿದವರು ನಾವು ಮೂವರು: ಅಕ್ಕಿ-ಸಕ್ಕರೆಯ ಜೀನಸು ಅಂಗಡಿಯ ನಾನು ಮೊಯ್ದಿನಬ್ಬ, ಕುಂಬ್ಡಾಜೆಯ ಶಿವಸುಬ್ರಹ್ಮಣ್ಯ ಭಟ್ಟರು, ನಿವೃತ್ತ ಕನ್ನಡ ಟೀಚರ್ ಪರಮೇಶ್ವರಿ. ಆ್ಯಪ್ ಪೆರ್ನಾಳ್ ಹಬ್ಬಕ್ಕೆ ಬರುತ್ತದೆ ಎಂದಳು, ಬರಲಿಲ್ಲ. ಓಣಂಗೆ ಎಂದಳು, ಅದೂ ಹೋಯಿತು. ಈಗ ಕೊಚ್ಚಿಯವರೇ ಅವಳ ಕಂಪೆನಿಯನ್ನು ಕೊಳ್ಳುತ್ತೇವೆ ಎಂದು ಕೇಳಿದ್ದರು. ನಾವು ಹೂಂ ಎಂದರೆ ಅವಳ ಆಫೀಸಿಗೆ ಬೀಗ. ಉತ್ತರ ಇವತ್ತೇ ಕೊಡಬೇಕಿತ್ತು. ಅದಕ್ಕೇ ಮೂವರೂ ಅವಳ ಆಫೀಸಿನಲ್ಲಿ ಸೇರಿದ್ದೆವು.

“ನಮ್ಮ ಗುಟ್ಟನ್ನು ಯಾರೋ ಆಚೆ ದಾಟಿಸಿದ್ದಾರೆ ಮಾರಾಯ್ರೆ” ಎಂದರು ಭಟ್ಟರು.

“ಗುಟ್ಟೂ ಇಲ್ಲ ಎಂತದೂ ಇಲ್ಲ, ಈ ಆಫೀಸಿನ ಹುಡುಗರಿಗೆ ಉದಾಸೀನ” ಎಂದರು ಟೀಚರ್.

ಶಹನಾಝ್ ತಲೆ ತಗ್ಗಿಸಿ ಕೂತಿದ್ದಳು. ನಾನು ಬೈಯಲೆಂದೇ ಬಂದವನು. ಆದರೆ ಇಷ್ಟು ಚುರುಕಿನ ಹುಡುಗಿ ಹಿಂದೆ ಬಿದ್ದದ್ದು ಹೇಗೆ ಎಂಬ ಕುತೂಹಲ ಸಿಟ್ಟಿಗಿಂತ ದೊಡ್ಡದಾಯಿತು.

“ಇದರಲ್ಲಿ ಎಂತ ಉಂಟು, ಇಲ್ಲಿ ಕೊಡು ನೋಡುವ” ಎಂದು ಆ್ಯಪ್ ಇದ್ದ ಅವಳ ಫೋನು ತೆಗೆದುಕೊಂಡು, “ಒಂದು ಕಿಲೋ ಸಕ್ಕರೆ” ಎಂದೆ.

“ಈಗ ರಾಹುಕಾಲ. ಮುಂದುವರಿಸಬೇಕೇ?” ಎಂದಿತು ಫೋನು.

ಹೌದು ಎಂದು ಒತ್ತಿದೆ.

“ದಯವಿಟ್ಟು ಪೂರ್ಣ ವಾಕ್ಯದಲ್ಲಿ ಹೇಳಿ.”

“ನನಗೆ ಒಂದು ಕಿಲೋ ಸಕ್ಕರೆ ಬೇಕು!” ಎಂದು ಕಿರುಚಿದೆ.

“ಸಂತೋಷ. ಮನೆಯಲ್ಲಿ ಎಲ್ಲರೂ ಸೌಖ್ಯವೇ?”

ಅಷ್ಟಕ್ಕೇ ಫೋನು ಸ್ತಬ್ಧವಾಯಿತು. ಬಿಲ್ಲೂ ಇಲ್ಲ, ಮಣ್ಣೂ ಇಲ್ಲ.

“ಯಾವ ಮಂಡೆ ಸಮ ಇಲ್ಲದವ ಇದನ್ನೆಲ್ಲ ಹಾಕಿಸಿದ್ದು?” ಎಂದು ಗುಡುಗಿದೆ.

ಭಟ್ಟರು ಕಿಟಕಿಯಾಚೆ ನೋಡಿದರು. ರಾಹುಕಾಲ ಅವರದ್ದು. ಟೀಚರ್ ಕನ್ನಡಕ ಒರೆಸತೊಡಗಿದರು. ಪೂರ್ಣ ವಾಕ್ಯ ಯಾರದ್ದೆಂದು ಕೇಳಬೇಕಾಗಿಯೇ ಇರಲಿಲ್ಲ.

“ಸೌಖ್ಯ ಕೇಳುದು ನೀವು ಹೇಳಿದ್ದು, ಮೊಯ್ದಿನಾಕ” ಎಂದಳು ಶಹನಾಝ್ ಮೆಲ್ಲಗೆ. “ನಮ್ಮ ಮನೆಗೆ ಊಟಕ್ಕೆ ಬಂದಾಗ. ಸೌಖ್ಯ ಕೇಳದೆ ಗಿರಾಕಿಯ ಚೀಲ ಮುಟ್ಟಬಾರದು ಅಂತ.”

ಹೌದು, ಹೇಳಿದ್ದೆ. ನನ್ನ ಅಂಗಡಿಯ ಕ್ರಮವೇ ಅದು.

“ಬೇಡ ಅನ್ಲಿಕ್ಕೆ ನಿನಗೆ ಬಾಯಿ ಇಲ್ವಾ?”

“ಹಿರಿಯರಿಗೆ ಇಲ್ಲ ಅನ್ನುದು ಹೇಗೆ? ಉಮ್ಮ ಅದನ್ನು ಕಲಿಸ್ಲೇ ಇಲ್ಲ. ನೀವು ಒಬ್ಬೊಬ್ಬರು ಬಂದಾಗಲೂ ಹೊಸತೊಂದು ಹೇಳ್ತೀರಿ. ಅದನ್ನು ಸೇರಿಸಿದ್ರೆ ಸರಿ ಇದ್ದದ್ದು ಹಾಳಾಗ್ತದೆ.” ಅವಳ ಕಣ್ಣು ತುಂಬಿತು. ನನಗೆ ಅಯ್ಯೋ ಪಾಪ ಅನಿಸಿತು, ನಾಚಿಕೆಯೂ ಆಯಿತು.

“ಅದೆಲ್ಲ ತೆಗೆದ್ರೆ?” ಎಂದು ಕೇಳಿದರು ಭಟ್ಟರು.

ಅವಳು ಹಳೆಯ ಫೋನೊಂದನ್ನು ತಂದಳು. ನಾವು ಬಾಯಿ ಹಾಕುವ ಮೊದಲು ಮಾಡಿದ್ದ ಆ್ಯಪ್ ಅದರಲ್ಲಿತ್ತು. ನಾನು ಸಾಮಾನಿನ ಪಟ್ಟಿಯನ್ನು ಬ್ಯಾರಿ ಭಾಷೆಯಲ್ಲಿ ಶುರು ಮಾಡಿ, ನಡುವೆ ತುಳು ಸೇರಿಸಿ, ಕನ್ನಡದಲ್ಲಿ ಮುಗಿಸಿದೆ. ನನ್ನ ಗಿರಾಕಿಗಳು ದಿನವೂ ಮಾತಾಡುವುದು ಹಾಗೆಯೇ. ಬಾಯಿ ಮುಚ್ಚುವುದರೊಳಗೆ ಬಿಲ್ಲು ಬಂತು, ಒಂದೂ ತಪ್ಪಿಲ್ಲ. ಕೊಚ್ಚಿಯವರದ್ದಕ್ಕೆ ಮಲಯಾಳ ಬಿಟ್ಟರೆ ಬೇರೆ ಗೊತ್ತಿಲ್ಲ.

“ಅಬ್ಬಬ್ಬ! ಅದಕ್ಕೇ ಅವರು ಇದನ್ನು ಕೊಳ್ಳಲಿಕ್ಕೆ ಬಂದದ್ದು!” ಎಂದರು ಟೀಚರ್.

ಮಾರುವುದಿಲ್ಲ ಎಂದು ಅಲ್ಲಿಯೇ ತೀರ್ಮಾನವಾಯಿತು. ಆ್ಯಪ್ ಹೊರಬರುವ ತನಕ ನಾವು ಮೂವರು ಈ ಆಫೀಸಿನ ಮೆಟ್ಟಿಲು ಹತ್ತಬಾರದು ಎಂದೂ ಆಯಿತು. ಭಟ್ಟರೂ ಟೀಚರೂ ಮೊದಲು ಇಳಿದರು. ಚಪ್ಪಲಿ ಹಾಕಿಕೊಳ್ಳುವಾಗ ನನಗೊಂದು ಬಹಳ ಒಳ್ಳೆಯ ಯೋಚನೆ ಹೊಳೆಯಿತು.

“ಮಗಳೇ, ಒಂದೇ ಒಂದು ಸಣ್ಣ ಸಂಗತಿ. ಬಿಲ್ಲಿನ ಕೆಳಗೆ...”

“ಆಗುದಿಲ್ಲ” ಎಂದಳು ಶಹನಾಝ್. ಹೇಳಿದ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಹಿಡಿದಳು.

ನನಗೆ ಸುರ್ರೆಂದು ಸಿಟ್ಟೇರಿತು. ಹಾಗೆಯೇ ಇಳಿಯಿತು.

“ಇನ್ನೊಮ್ಮೆ ಹೇಳು, ಗಟ್ಟಿಯಾಗಿ” ಎಂದೆ. “ಕೆಳಗಿರುವ ಅವರಿಬ್ಬರಿಗೂ ಕೇಳಲಿ.”