ಮುಳುಗದ ಪನಡುಬ್ಬಿ

"ಇಳಿಯಾಕತ್ತದೇನು?" ತಗಡಿನ ಹೊಟ್ಟೆಯೊಳಗಿಂದ ಲಾಲಪ್ಪ ಕೂಗಿದ.

"ಇಲ್ರಿ ಕಾಕಾ, ಎಮ್ಮಿ ಬಿದ್ದಂಗ ಬಿದ್ದದ," ಎಂದ ದಂಡೆಯ ಮೇಲಿದ್ದ ವೆಲ್ಡರ್ ಖಮರುದ್ದೀನ್. "ಎಮ್ಮಿಯರ ಅರ್ಧ ಮುಳುಗ್ತದ."

ಬಸವಕಲ್ಯಾಣದ ಆಚೆ, ಮುಡಬಿ ದಾರಿಯ ಹಳೆಯ ಕಲ್ಲುಗಣಿಯಲ್ಲಿ ನಿಂತ ಮಳೆನೀರು. ನೀರಿನೊಳಗೆ ಹೋಗಬೇಕಾದ ಲಾಲಪ್ಪನ ಪನಡುಬ್ಬಿ, ಅವನೇ ತಗಡು ಬೆಸೆಸಿ ಮಾಡಿದ ಪುಟ್ಟ ಜಲಾಂತರ್ಗಾಮಿ, ಮೂರನೆಯ ಭಾನುವಾರವೂ ಅದರ ಮೇಲೆ ತೇಲುತ್ತಲೇ ಇತ್ತು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪೈಪು ಜೋಡಿಸಿ ನಿವೃತ್ತನಾದ ಮೇಲೆ, ಒಮ್ಮೆಯಾದರೂ ನೀರಿನೊಳಗೆ ಕೂತು ಮೇಲಿನ ಜಗತ್ತು ನೋಡಬೇಕೆಂಬ ಹುಚ್ಚು ಅವನಿಗೆ. ಪನಡುಬ್ಬಿಯ ಎರಡೂ ಬಗಲಿಗೆ ಒಂದೊಂದು ಟಾಕಿ, ಖಾಲಿ ಟ್ಯಾಂಕು. ತಳದ ವಾಲ್ವ್ ತೆರೆದರೆ ಅವುಗಳಲ್ಲಿ ನೀರು ತುಂಬಿ ಇಳಿಯಬೇಕು. ಸಿಲಿಂಡರಿನ ಗಾಳಿ ಊದಿದರೆ ನೀರು ಹೊರಬಿದ್ದು ಏಳಬೇಕು. ವಾಲ್ವ್ ತೆರೆದಿತ್ತು, ನೀರು ಮಾತ್ರ ಒಳಗೆ ಹೋಗಲೊಲ್ಲದು.

ಯಾಕೆಂಬುದು ಅವನ ಹೆಂಡತಿ ಅಂಬುಬಾಯಿಗೆ ಮೊದಲ ಭಾನುವಾರವೇ ತಿಳಿದಿತ್ತು. ಬೋರಲು ಚೊಂಬನ್ನು ಎಷ್ಟು ಒತ್ತಿದರೂ ನೀರು ಒಳಗೆ ಬರುವುದಿಲ್ಲ. ಒಳಗಿನ ಗಾಳಿ ಜಾಗ ಬಿಡಬೇಕಲ್ಲ. ಟಾಕಿಯ ನೆತ್ತಿಯಲ್ಲಿ ಗಾಳಿಗೆ ದಾರಿಯೇ ಇರಲಿಲ್ಲ. ಜೀವಮಾನವೆಲ್ಲ ಸೋರಿಕೆ ಮುಚ್ಚಿದ ಮನುಷ್ಯ. ತೂತು ಕಂಡಲ್ಲಿ ಅವನ ಕೈ ತಾನೇ ಹೋಗಿ ಬಿಗಿಯುತ್ತಿತ್ತು. ಅಂಬುಬಾಯಿ ಬಾಯಿ ಬಿಡಲಿಲ್ಲ. ತೇಲುವ ಗಂಡ ಬದುಕಿರುವ ಗಂಡ. ಹಿಂದಿನ ಎರಡೂ ಭಾನುವಾರ ಮನೆಗೆ ಬಂದು ಹೂರಣ ರುಬ್ಬಿ ಹೋಳಿಗೆ ಮಾಡಿದಳು. ತನ್ನ ದುಃಖ ಮರೆಸಲು ಮಾಡಿದ್ದಾಳೆಂದು ಲಾಲಪ್ಪ ಕಣ್ಣು ತುಂಬಿಕೊಂಡು ಆರಾರು ತಿಂದ.

ಇಂದು ಅವನು ಮುಚ್ಚಳ ಎತ್ತಿ ತಲೆ ಹೊರಹಾಕಿದ. "ಖಮರು, ಹಗ್ಗ ತಾ! ನಾಕೂ ಕಡಿ ಕಲ್ಲು ಕಟ್ಟೂಣು. ಹ್ಯಾಂಗ ಮುಳುಗಂಗಿಲ್ಲ ನೋಡೇ ಬಿಡತೀನಿ."

"ಈಗ ಬಂತು ನೋಡ್ರಿ ಅಕಲ್!" ಖಮರುದ್ದೀನ್ ಕಲ್ಲು ಹುಡುಕತೊಡಗಿದ.

ದಂಡೆಯ ಮೇಲೆ ಕೂತಿದ್ದ ಅಂಬುಬಾಯಿ ಚೊಂಬು ಹಿಡಿದೇ ಎದ್ದು ನಿಂತಳು. ಕಲ್ಲು ಕಟ್ಟಿದರೆ ಇಳಿಯುತ್ತದೆ, ಖರೆ. ಏಳಿಸುವವರು ಯಾರು?

"ಏ ಖಮರು, ಕಲ್ಲು ಕೆಳಗ ಇಡು! ಬಾವಿಗಿ ಬೀಳಾವ್ರು ಕಟ್ಕೋತಾರ ಕಲ್ಲು. ರೀ, ಆ ಟಾಕಿ ನೆತ್ತಿಗಿ ಒಂದೊಂದು ತೂತು ಹೊಡೀರಿ."

"ತೂತಾ?" ಲಾಲಪ್ಪ ಅಶುಭ ಕೇಳಿದವನಂತೆ ನೋಡಿದ. "ಮೂವತ್ತ ವರ್ಷದಾಗ ಒಂದ ಹನಿ ಸೋರಾಕ ಬಿಟ್ಟಿಲ್ಲ ನಾ!"

"ಅದಕ್ಕೇ ಮುಳುಗವಲ್ದು." ಅವಳು ಕುಡಿದು ಖಾಲಿಯಾದ ಚೊಂಬನ್ನು ನೀರಿಗೆ ಬೋರಲು ಒತ್ತಿದಳು. ಆಮೇಲೆ ಓರೆ ಮಾಡಿದಳು. ಗುಳುಕ್ಕನೆ ಗಾಳಿ ಹೊರಬಂತು, ಚೊಂಬು ಕೈಜಾರಿ ತಳ ಸೇರಿತು.

ಲಾಲಪ್ಪ ಗುಳ್ಳೆ ಎದ್ದ ಜಾಗದಿಂದ ಹೆಂಡತಿಯ ಕಡೆ ತಿರುಗಿದ. "ನಿನಗ ಇದು ಯಾವಾಗ ತಿಳೀತು?"

"ಈಗ್ರಿ. ಈಗಿಂದೀಗ."

ನಾಲ್ಕನೆಯ ಭಾನುವಾರ ಎರಡೂ ಟಾಕಿಯ ನೆತ್ತಿಗೆ ನಲ್ಲಿ ಬಂದಿತ್ತು, ಹಿಡಿಕೆ ಲಾಲಪ್ಪನ ಕೈಗೆ ಸಿಗುವಂತೆ ಒಳಗೆ. ಪನಡುಬ್ಬಿಗೆ ಕಟ್ಟಿದ ಹಗ್ಗದ ತುದಿ ಖಮರುದ್ದೀನನ ಕೈಯಲ್ಲಿ. ನಲ್ಲಿಗಳು ಬುಸ್ಸೆಂದವು. ಪನಡುಬ್ಬಿ ಒಮ್ಮೆ ವಾಲಿ, ಕೆಳಗೆ ಹೋಯಿತು. ಅದರ ಮೇಲೆ ನೀರು ಕೂಡಿಕೊಂಡಿತು.

"ಬಂದ್ರಾ?"

"ಈಗ ಹೋಗ್ಯಾರ ಕಾಕಿ, ಉಸಿರರ ಬಿಡ್ರಿ."

"ಬಂದ್ರಾ?"

ನೀರು ಕುದಿದಂತೆ ಗುಳ್ಳೆ ಎದ್ದವು. ತಗಡಿನ ಬೆನ್ನು ಮೇಲೆ ಬಂತು. ಖಮರುದ್ದೀನ್ ದಂಡೆಗೆ ಎಳೆಯುವುದರೊಳಗೆ ಅಂಬುಬಾಯಿ ಸೀರೆ ಎತ್ತಿಕೊಳ್ಳದೆ ಮೊಣಕಾಲುದ್ದ ನೀರಿಗೆ ಇಳಿದಿದ್ದಳು. ಕಿಟಕಿಯ ಗಾಜಿನ ಹೊರಗೆ ಪಾಚಿ, ಒಳಗೆ ಉಸಿರಿನ ಮಂಜು, ಮುಖ ಕಾಣಲಿಲ್ಲ. ಅವಳು ಸೆರಗಿನಿಂದ ಉಜ್ಜಿದಳು. ಒಳಗಿನಿಂದ ಒಂದು ಅಂಗೈ ಅದೇ ಜಾಗವನ್ನು ಉಜ್ಜತೊಡಗಿತು.