ಸದ್ದು ನಿಲ್ಲಿಸಿದ ನೂರಾ ಹನ್ನೆರಡು ಸಹಿ

ಕೆರೆ ದಂಡೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಗೋಳು, ನಿದ್ದೆ ಇಲ್ಲ. ಬೀದಿಯ ಕೊನೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ನಾನು ಮದುವೆಯಾಗಿ ಬರುವ ಮೊದಲೇ ಕಟ್ಟಿದ್ದು. ಅದರ ಗಾಳಿ ಯಂತ್ರ ಹಗಲೂ ರಾತ್ರಿ ಗೊರಗೊರ ಎನ್ನುತ್ತಿತ್ತು. ನನ್ನದು ಹೊಲಿಗೆ ಕೆಲಸ. ಯಾರ ಮನೆಗೆ ಅಳತೆ ತೆಗೆಯಲು ಹೋದರೂ ಅದೇ ಮಾತು. ಕೊನೆಗೆ ನಾನೇ ಟೊಂಕ ಕಟ್ಟಿ ನಿಂತೆ. ಅಳತೆ ಟೇಪಿನ ಜೊತೆ ಒಂದು ಅರ್ಜಿಯನ್ನೂ ಹಿಡಿದು ಮನೆ ಮನೆ ಸುತ್ತಿದೆ. ನೂರಾ ಹನ್ನೆರಡು ಸಹಿ ಬಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಂತ್ರ ನಿಲ್ಲಿಸಬೇಕೆಂದು ಪುರಸಭೆ ಆದೇಶ ಮಾಡಿತು. ಆಮೇಲೆ ನಾನು ಬೀದಿಯಲ್ಲಿ ನಡೆದರೆ ಜನ ನಿಂತು ಮಾತಾಡಿಸುತ್ತಿದ್ದರು. ನನಗೂ ಸ್ವಲ್ಪ ತಲೆ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ತಿಂಗಳ ಮೇಲೆ ಹೊಸ ಘಟಕ ಕಟ್ಟುವ ಮಾತು ಬಂತು. ಜಾಗ ನಮ್ಮ ಹಿತ್ತಲಿನ ಆಚೆಗಿನ ಬಯಲು. ಭಾನುವಾರ ಸಭೆ, ಒಪ್ಪಿಗೆ ಇರುವವರು ಕೈ ಎತ್ತಬೇಕು.

"ಒಬ್ಬರೂ ಎತ್ತಬಾರದು," ಎಂದು ನಾನು ಎಲ್ಲರಿಗೂ ಹೇಳಿಟ್ಟೆ. "ಹಳೇದು ಬಾಯಿ ಮುಚ್ಕೊಂಡು ಬಿದ್ದಿದೆ. ಹೊಸದು ತಂದು ತಲೆ ಮೇಲೆ ಹಾಕ್ಕೋಬೇಕಾ?"

ಆ ವಾರವೇ ನನ್ನ ಮಗಳು ಹಾಸಿಗೆ ಹಿಡಿದಳು. ಹನ್ನೆರಡು ವರ್ಷದವಳು, ದಿನಾ ಬೆಳಿಗ್ಗೆ ಕೆರೆಯಲ್ಲಿ ಈಜುವ ಹುಡುಗಿ. ವಾಂತಿ, ಭೇದಿ, ಸುಡುವ ಜ್ವರ. ಮೂರನೇ ದಿನ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಹಾಕಲು ನರ ಸಿಗದೆ ನರ್ಸು ನಾಲ್ಕು ಕಡೆ ಚುಚ್ಚಿದರು. ಅವಳಿಗೆ ಅಳುವ ಶಕ್ತಿಯೂ ಇರಲಿಲ್ಲ.

"ಯಾವ ನೀರಿಗೆ ಇಳಿದಿದ್ಳು?" ಎಂದರು ಡಾಕ್ಟರು.

"ನಮ್ಮ ಕೆರೆಗೇ."

"ಆ ಕೆರೆಯಿಂದ ಈ ವಾರ ಬಂದ ಮಕ್ಕಳಲ್ಲಿ ಇವಳು ಆರನೆಯವಳಮ್ಮ."

ಮಧ್ಯಾಹ್ನ ನಾದಿನಿ ಬಂದಳು. ಅವಳು ಅದೇ ಘಟಕದಲ್ಲಿ ನೀರು ಪರೀಕ್ಷೆ ಮಾಡುವವಳು. ಅರ್ಜಿ ಕೊಟ್ಟಾಗಿನಿಂದ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೇ. ಮಗಳ ತಲೆ ಸವರಿ, "ಅಣ್ಣ ಇಲ್ಲಿರಲಿ ಅತ್ತಿಗೆ. ನೀವು ಒಂದು ಗಂಟೆ ನನ್ನ ಜೊತೆ ಬನ್ನಿ," ಎಂದಳು.

ಅಷ್ಟು ಸಹಿ ಹಾಕಿಸಿದ ನಾನು ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ದೊಡ್ಡ ಸಿಮೆಂಟ್ ತೊಟ್ಟಿ. ಒಂದು ಮೂಲೆಯಲ್ಲಿ ಮಾತ್ರ ಗುಳ್ಳೆ ಏಳುತ್ತಿತ್ತು. ಉಳಿದ ನೀರು ಕಪ್ಪಗೆ ನಿಂತಿತ್ತು.

"ಇದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ ಅತ್ತಿಗೆ. ನಮ್ಮ ಹೊಲಸು ತಿಂದು ನೀರು ತಿಳಿ ಮಾಡೋದು ಅವೇ. ಅವಕ್ಕೆ ಉಸಿರು ಕೊಡೋದು ಆ ಗಾಳಿ ಯಂತ್ರ."

"ರಾತ್ರಿ ನಿಲ್ಲಿಸಿದ್ರೆ?"

"ಸಾಯ್ತವೆ. ತಿನ್ನೋರು ಇಲ್ಲ ಅಂದ್ಮೇಲೆ ಹೊಲಸು ಹಾಗೇ ಹೋಗುತ್ತೆ."

"ಎಲ್ಲಿಗೆ?"

ಅವಳು ಹಿಂದಿನ ಬಾಗಿಲು ತೆಗೆದಳು. ದಪ್ಪ ಕೊಳವೆಯಿಂದ ಬೂದು ನೀರು ಕೆರೆಗೆ ಬೀಳುತ್ತಿತ್ತು. ಅದರಲ್ಲಿ ಏನೇನು ತೇಲುತ್ತಿತ್ತು ಎಂದು ನಾನು ಬರೆಯಲಾರೆ. ಕಣ್ಣೆತ್ತಿದರೆ ಪಕ್ಕದಲ್ಲೇ ಮಕ್ಕಳು ಈಜಲು ಇಳಿಯುವ ಮೆಟ್ಟಿಲು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಮೊದಲೇ ಹೇಳಬಾರದಿತ್ತೇನೇ?"

"ಮೇಲಿನವರಿಗೆ ಎರಡು ಸಲ ಕಾಗದ ಬರೆದೆ. ಅಷ್ಟು ಜನರ ಸಹಿ ಮುಂದೆ ನನ್ನ ಒಂದು ಸಹಿ ಯಾರು ನೋಡ್ತಾರೆ? ನಿಮಗೂ ಹೇಳೋಕೆ ಬಂದೆ. 'ಸಂಬಳ ಕೊಡೋರ ಪರ ಮಾತಾಡ್ತೀಯ' ಅಂದ್ರಿ."

ಹೌದು, ಹಾಗೇ ಅಂದಿದ್ದೆ.

"ಇವತ್ತಿಂದ್ಲೇ ರಾತ್ರಿನೂ ಯಂತ್ರ ಹಾಕಿಸೋಣ. ನಾನೇ ಹೋಗಿ ಎಲ್ಲರ ಕಾಲು ಹಿಡೀತೀನಿ."

"ಹಾಕಿಸೋಣ. ಆದ್ರೆ ಅಷ್ಟೇ ಸಾಲಲ್ಲ ಅತ್ತಿಗೆ. ಇದು ನಾಲ್ಕು ಸಾವಿರ ಜನಕ್ಕೆ ಕಟ್ಟಿದ್ದು, ನಾವೀಗ ಹನ್ನೊಂದು ಸಾವಿರ. ಎರಡು ಯಂತ್ರದಲ್ಲಿ ಒಂದು ಕೆಟ್ಟು ಎರಡು ವರ್ಷ ಆಯ್ತು, ಅದರ ಬಿಡಿಭಾಗ ಎಲ್ಲೂ ಸಿಗಲ್ಲ. ಇನ್ನೊಂದು ಒಂಟಿಯಾಗಿ ದುಡಿದು ಸವೆದಿದೆ. ಅದಕ್ಕೇ ಅಷ್ಟು ಸದ್ದು. ಹೊಸದರಲ್ಲಿ ಯಂತ್ರ ಮುಚ್ಚಿದ ಕೋಣೆಯೊಳಗೆ ಇರುತ್ತೆ, ತೊಟ್ಟಿಗೂ ಮುಚ್ಚಳ ಇರುತ್ತೆ."

"ತೆರಿಗೆ ಏರುತ್ತಂತೆ."

"ಏರುತ್ತೆ. ಸುಳ್ಳು ಹೇಳಲ್ಲ."

ಆಸ್ಪತ್ರೆಯ ಮಂಚದಲ್ಲಿ ಬಿಟ್ಟು ಬಂದವಳ ಮುಖ ನೆನಪಾಯಿತು. ತೆರಿಗೆಯ ಮಾತು ನಾನು ಮತ್ತೆ ಎತ್ತಲಿಲ್ಲ.

ಭಾನುವಾರ ಸಭೆಗೆ ಹೊರಟಾಗ ನನ್ನವರು, "ಜನ ಮುಖಕ್ಕೆ ಉಗೀತಾರೆ ಕಣೇ," ಎಂದರು.

"ಉಗೀಲಿ ಬಿಡಿ."

ಸಭೆಯಲ್ಲಿ ಎದ್ದು ನಿಂತು ನೋಡಿದ್ದನ್ನೆಲ್ಲ ಹೇಳಿದೆ. "ಯಂತ್ರ ನಿಲ್ಲಿಸಿದ್ದು ನಾನು. ಮಕ್ಕಳು ಈಜೋ ನೀರಿಗೆ ಹೊಲಸು ಬಿಟ್ಟಿದ್ದು ನಾನು," ಎಂದೆ. ಮೀನು ಮಾರುವ ಅಜ್ಜಿ ಮೊದಲು ಕೈ ಎತ್ತಿದಳು. ನನ್ನವರು ಎತ್ತಿದರು. ಆಮೇಲೆ ನಾನು ಎಣಿಸಲಿಲ್ಲ.

ಪುರಸಭೆ ತನ್ನ ಆದೇಶ ವಾಪಸ್ ಪಡೆಯಿತು, ಯಂತ್ರ ಅವತ್ತಿನಿಂದಲೇ ಮತ್ತೆ ಹಗಲೂ ರಾತ್ರಿ ಓಡುತ್ತಿದೆ. ಹಿಂದಿನ ಬಯಲಿನಲ್ಲಿ ಹೊಸ ಘಟಕದ ಪಾಯ ತೋಡುತ್ತಿದ್ದಾರೆ. ನನ್ನ ಮಗಳು ಮನೆಗೆ ಬಂದಳು. ಆ ಆರು ಮಕ್ಕಳಲ್ಲಿ ಐದು ಮಕ್ಕಳು ಮನೆಗೆ ಬಂದರು. ಬಾರದ ಮಗುವಿನ ತಾಯಿ ಅರ್ಜಿಗೆ ನಾಲ್ಕನೆಯವಳಾಗಿ ಸಹಿ ಹಾಕಿದ್ದಳು. ಪೆನ್ನು ಕೊಟ್ಟವಳು ನಾನು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಇವತ್ತೇ ವಿಚಾರಿಸಿ. ನಿಮ್ಮೂರಿನ ಘಟಕದ ಗೇಟಿನೊಳಗೆ ಹೋಗಿ ನೋಡಿ. ಎಷ್ಟು ಜನಕ್ಕೆ ಕಟ್ಟಿದ್ದು, ಈಗ ಎಷ್ಟು ಜನರಿದ್ದೀರಿ ಎಂದು ಕೇಳಿ. ಹೊಸದು ಬೇಕು ಎಂದು ಅಲ್ಲಿನವರು ಹೇಳಿದರೆ ಸಭೆಗೆ ಹೋಗಿ ಕೈ ಎತ್ತಿ. ನಾನು ಮಾಡಿದ್ದು ತಿಳಿಯದೆ ಮಾಡಿದ್ದು. ನಿಮಗೆ ಈಗ ತಿಳಿದಿದೆ.