ಬಿದ್ದ ಗೋಡೆಯ ಕರ

"ಇದಕ್ಕೂ ಕರ ಹಾಕ್ರಿ, ಕರೀಮಸಾಬ್ರ," ಎಂದು ಚಂದ್ರಾಮಪ್ಪ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಚೆಕ್ಕನ್ನು ಟೇಬಲ್ಲಿನ ಮೇಲೆ ಇಟ್ಟ. ಇಟ್ಟವನು ಅದರ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಹಾರಿಹೋದರೆ?

ಅಬ್ದುಲ್ ಕರೀಮ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಯಾದಗಿರಿಯಲ್ಲಿ ಮೂವತ್ತು ವರ್ಷದಿಂದ ಊರವರ ಆದಾಯ ತೆರಿಗೆಯ ಕಾಗದ ತುಂಬುತ್ತ ಬಂದ ಮನುಷ್ಯ. ಯಾದಗಿರಿ ಜಿಲ್ಲೆಯಾಗಿ ಮೂರು ತಿಂಗಳಾಗಿತ್ತು ಅಷ್ಟೆ. ಇವರ ಬೋರ್ಡಿನ ಮೇಲೆ ಇನ್ನೂ 'ಜಿಲ್ಲಾ ಗುಲಬರ್ಗಾ' ಎಂದೇ ಇತ್ತು. ಎದುರಿಗೆ ಕುಳಿತವರು ಕರ ಕಡಿಮೆ ಮಾಡಿ ಎಂದು ಗೋಗರೆಯುವುದನ್ನು ಅವರು ಕೇಳಿ ಕೇಳಿ ದಣಿದಿದ್ದರು. ಹಾಕಿ ಎಂದು ಜಗಳಕ್ಕೆ ಬಂದವನು ಇವನೊಬ್ಬನೇ.

"ಮೂವತ್ತೈದು ಸಾವಿರ. ಮನಿ ಬಿದ್ದದ್ದಕ್ಕ ಸರ್ಕಾರದ ಪರಿಹಾರ," ಎಂದು ಓದಿದ ಕರೀಮರು ತಾರೀಖು ನೋಡಿ ಹುಬ್ಬೇರಿಸಿದರು. "ಐದು ತಿಂಗಳಾತಲ್ಲ ಭಾಯಿ! ಬ್ಯಾಂಕಿಗಿ ಯಾಕ ಹಾಕಿಲ್ಲ?"

"ಕರ ಎಷ್ಟಂತ ಗೊತ್ತಾಗೂತನ ಹಾಕಂಗಿಲ್ರಿ."

"ಆರು ತಿಂಗಳಾದ ಮ್ಯಾಲ ಇದು ಬರೇ ಕಾಗದ. ಇನ್ನ ಮೂರು ವಾರ ಉಳದಾವ. ಗೊತ್ತದ ಇಲ್ಲೊ?"

ಗೊತ್ತಿತ್ತು. ಅದಕ್ಕೇ ರಜೆ ಹಾಕಿ, ತನ್ನೂರು ಸಗರದಿಂದ ಮೊದಲ ಬಸ್ಸು ಹಿಡಿದು ಬಂದಿದ್ದ.

ಚಂದ್ರಾಮಪ್ಪ ಕಾಲುವೆ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್. ಕಾಲುವೆಯ ಮಗ್ಗುಲಿಗೆ ಹಾಕಿದ ಕಾಂಕ್ರೀಟನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ, ಕಿವಿ ಇಟ್ಟು ಕೇಳುತ್ತ ಮೈಲಿಗಟ್ಟಲೆ ನಡೆಯುವುದು ಅವನ ಕೆಲಸ. ಟಣ್ ಎಂದರೆ ಸರಿ, ಬೊದ್ ಎಂದರೆ ಒಳಗೆ ಪೊಳ್ಳು. ಪೊಳ್ಳು ಕಂಡ ಕಡೆ ಸುಣ್ಣದಿಂದ ಒಂದು ಗುಂಡು ಗುರುತು ಬರೆದನೆಂದರೆ, ಗುತ್ತಿಗೆದಾರ ಚಹಾ ತರಿಸಲಿ, ಸಾಹೇಬರಿಂದ ಫೋನು ಮಾಡಿಸಲಿ, ಒಡೆದು ಮತ್ತೆ ಹಾಕುವತನಕ ಆ ಗುರುತು ಅಳಿಸುತ್ತಿರಲಿಲ್ಲ. ದಿನಗೂಲಿಗೆ ಮಣ್ಣು ಹೊರಲು ಸೇರಿದವನು ಇಪ್ಪತ್ತೆಂಟು ವರ್ಷದಲ್ಲಿ ಇಲ್ಲಿಗೆ ಬಂದಿದ್ದ. ತಮ್ಮ ಓಣಿಯಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲಿಗ ಅವನೇ. ಮೊದಲ ವರ್ಷ ಪಗಾರದಲ್ಲಿ ಮುನ್ನೂರಾ ಎಂಬತ್ತು ರೂಪಾಯಿ ಮುರಿದುಕೊಂಡಾಗ, ಶಹಾಪುರದಿಂದ ಅರ್ಧ ಕಿಲೊ ಪೇಢೆ ತಂದು ಹಂಚಿದ್ದ. ಕರ ಕಟ್ಟಿ ಪೇಢೆ ಹಂಚಿದ ಮನುಷ್ಯನನ್ನು ಸಗರದವರು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಕ್ಕರು. ನಗಲಿ ಬಿಡಿ, ಪೇಢೆಯನ್ನಂತೂ ಯಾರೂ ಬಿಡಲಿಲ್ಲ.

ಅಂಥವನ ಮನೆಯ ಹಿತ್ತಲ ಗೋಡೆ ಅಕ್ಟೋಬರಿನ ಜಡಿಮಳೆಗೆ ನೆನೆದು ನೆನೆದು, ಮೂರನೇ ದಿನ ಮಧ್ಯಾಹ್ನ ಮೇಲಿನ ಮಣ್ಣಿನ ಮಾಳಿಗೆಯ ಅರ್ಧವನ್ನು ಜತೆಗೆ ಎಳೆದುಕೊಂಡು ಕುಳಿತುಬಿಟ್ಟಿತು. ಪುಣ್ಯಕ್ಕೆ ಎಲ್ಲರೂ ಪಡಸಾಲೆಯಲ್ಲಿದ್ದರು. ಊರ ತುಂಬ ಮನೆಗಳು ಬಿದ್ದಿದ್ದವು. ಕಂದಾಯದ ಲೆಕ್ಕ ಇಡುವ ತಲಾಠಿ ಬಂದು ಪಟ್ಟಿ ಬರೆದುಕೊಂಡ, ತಿಂಗಳೊಳಗೆ ಚೆಕ್ಕು ಬಂತು. ಮಂದಿ ಮರುದಿನವೇ ಬ್ಯಾಂಕಿಗೆ ಓಡಿದರು. ಚಂದ್ರಾಮಪ್ಪ ಮಾತ್ರ ಚೆಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಟ್ಟ.

ಆಫೀಸಿನಲ್ಲಿ ಕೇಳಿದ್ದ. ಪಗಾರದ ಗುಮಾಸ್ತ ಹಣಮಂತ್ರಾಯ, "ರಾಜ್ಯ ಸರ್ಕಾರ ಕೊಟ್ಟದ್ದು, ದಿಲ್ಲಿಯವರಿಗಿ ಹ್ಯಾಂಗ ಗೊತ್ತಾಗ್ತದ? ಸುಮ್ಕಿರು ಮಾರಾಯ," ಎಂದಿದ್ದ. ಅದೇ ಮಾತು ಚಂದ್ರಾಮಪ್ಪನನ್ನು ಕೆರಳಿಸಿತು. ಗೊತ್ತಾಗದಂತೆ ಇಟ್ಟುಕೊಳ್ಳಲು ಅವನೇನು ಕಳ್ಳನೆ?

"ನೋಡ್ರಿ ಚಂದ್ರಾಮಪ್ಪ," ಎಂದು ಕರೀಮರು ದಪ್ಪ ಪುಸ್ತಕವೊಂದನ್ನು ಎಳೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. "ಮಳಿ, ನೆರಿ-ಸೈಲಾಬ್, ಭೂಕಂಪ, ಇಂಥಾದ್ದರಾಗ ಕಳಕೊಂಡವರಿಗಿ ಸರ್ಕಾರ ಕೊಟ್ಟ ಪರಿಹಾರಕ್ಕ ಕರ ಇಲ್ಲ. ರಾಜ್ಯ ಕೊಡ್ಲಿ, ಕೇಂದ್ರ ಕೊಡ್ಲಿ, ಅಷ್ಟ. ಕಾಯ್ದಾದಾಗೇ ಬರದಾರ. ಇದು ಗಳಿಕಿ ಅಲ್ಲ."

"ಪಗಾರಕ್ಕ ಕರ ಅದ. ಇದಕ್ಕ ಯಾಕಿಲ್ಲ?"

"ಪಗಾರ ನೀ ದುಡದದ್ದು. ಇದು ನೀ ಕಳಕೊಂಡದ್ದು."

"ಹಂಗಾರ ಇದು ಪುಕ್ಕಟ ರೊಕ್ಕ ಅಂದಂಗಾತು."

"ಯಾ ಅಲ್ಲಾ!" ಕರೀಮರು ಕನ್ನಡಕವನ್ನು ಮತ್ತೆ ಹಣೆಗೇರಿಸಿದರು. "ಮುಚ್ಚಿಡಬ್ಯಾಡ, ನಿನ್ನ ಕಾಗದದಾಗ ಇದನ್ನ ಬರೀತೀನಿ. ಕರ ಇಲ್ಲದ್ದನ್ನ ಬರಿಯೂ ಕಾಲಂ ಬ್ಯಾರೆನೇ ಅದ. ಸಮಾಧಾನ ಆತಾ?"

"ಇಲ್ರಿ. ಗಳಿಕಿ ಅಂತನ ಬರೀರಿ. ಎಷ್ಟಾಗ್ತದ ಅಷ್ಟು ಇವತ್ತ ಬ್ಯಾಂಕಿನಾಗ ಕಟ್ಟಿ ಹೋಗ್ತೀನಿ."

ಕರೀಮರು ಪುಸ್ತಕ ಮುಚ್ಚಿ ಮೆಲ್ಲಗೆ ಹೇಳಿದರು. "ಗಳಸಿದ್ದನ್ನ ಗಳಸಿಲ್ಲ ಅಂತ ಬರಿಯೋದು ಸುಳ್ಳು. ಗಳಸದೇ ಇದ್ದದ್ದನ್ನ ಗಳಸೀನಿ ಅಂತ ಬರದ್ರೂ ಸುಳ್ಳ ಆಗ್ತದ. ನಾ ಬರಿಯಂಗಿಲ್ಲ. ನೀ ಸಹಿ ಮಾಡ್ತಿ ಏನು ಅಂಥಾ ಕಾಗದಕ್ಕ?"

ಸುಳ್ಳು ಎಂಬ ಮಾತನ್ನು ಅದುವರೆಗೆ ಚಂದ್ರಾಮಪ್ಪನೆದುರು ಯಾರೂ ಆಡಿರಲಿಲ್ಲ. ಚೆಕ್ಕನ್ನು ಮತ್ತೆ ಪ್ಲಾಸ್ಟಿಕ್ಕಿಗೆ ಸೇರಿಸಿ, ತಂದಿಟ್ಟ ಚಹಾವನ್ನೂ ಕುಡಿಯದೆ ಎದ್ದು ಬಂದ.

ಶಹಾಪುರದ ಬಸ್ಸಿನಲ್ಲಿ ಕಿಟಕಿಗೆ ಆನಿಕೊಂಡು ಕುಳಿತರೆ ಹೊರಗೆಲ್ಲ ಬೇಸಿಗೆ ಭತ್ತದ ಹಸಿರು. ಇಲ್ಲಿ ಒಂದು ಕಾಲಕ್ಕೆ ಹೂಜಿ ನೀರಿಗೆ ಮೂರು ಮೈಲಿ ನಡೆದದ್ದು ಅವನಿಗೆ ನೆನಪಿತ್ತು. ಎಪ್ಪತ್ತೆರಡರ ಬರ. ಅವನಿಗಾಗ ಹದಿನಾಲ್ಕು. ಅವ್ವ ಮೋನಮ್ಮ ಬರಗಾಲದ ರಸ್ತೆ ಕೆಲಸಕ್ಕೆ ಮಣ್ಣು ಹೊರಲು ಹೋಗುತ್ತಿದ್ದಳು. ಪಕ್ಕದಲ್ಲೇ ಗಂಜಿಯ ಕಡಾಯಿ. ಒಂದು ದಿನ ಹಸಿವು ತಾಳದೆ ಚಂದ್ರಾಮಪ್ಪ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ. ಅವ್ವ ಎಲ್ಲಿಂದ ಕಂಡಳೋ ಏನೋ, ಬಂದು ಕಿವಿ ಹಿಡಿದು ಸಾಲಿನಿಂದ ಆಚೆ ಎಳೆದಳು. "ಮದಲ ಬುಟ್ಟಿ ಹೊರು. ಆಮ್ಯಾಲ ಉಣ್ಣು." ಅಷ್ಟೇ ಅಂದದ್ದು. ಅವನು ಹೊತ್ತ. ಸಂಜೆ ಉಂಡ ಆ ಗಂಜಿಯ ರುಚಿ ಇಂದಿಗೂ ಅವನ ನಾಲಿಗೆಯ ಮೇಲಿತ್ತು.

ಈ ಚೆಕ್ಕಿಗೆ ಅವನು ಯಾವ ಬುಟ್ಟಿ ಹೊತ್ತಿದ್ದ? ಏನೂ ಇಲ್ಲ. ಮಳೆ ಬಂತು, ಗೋಡೆ ಬಿತ್ತು, ರೊಕ್ಕ ಬಂತು. ಒಂದಿಷ್ಟು ಕರವನ್ನಾದರೂ ಕಟ್ಟಿದರೆ ಉಳಿದದ್ದನ್ನು ತನ್ನದು ಎನ್ನಬಹುದೆಂದು ಲೆಕ್ಕ ಹಾಕಿದ್ದ. ಈಗ ಆ ದಾರಿಯೂ ಮುಚ್ಚಿತು. ಅವ್ವನಿಗೆ ಚೆಕ್ಕಿನ ಸುದ್ದಿಯನ್ನೇ ಹೇಳಿರಲಿಲ್ಲ. ಗೌಂಡಿ ಸಿಗುತ್ತಿಲ್ಲ, ಕಲ್ಲು ಬಂದಿಲ್ಲ ಎಂದು ಐದು ತಿಂಗಳಿಂದ ಸಾಗಿಸಿದ್ದ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಗುತ್ತಿಗೆದಾರರಿಗೆ ಹೆದರದವನು ಎಪ್ಪತ್ತೆಂಟರ ಮುದುಕಿಗೆ ಹೆದರಿದ್ದ.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಗೋಡೆ ಇದ್ದ ಜಾಗದಲ್ಲಿ ಗೋಣಿತಟ್ಟುಗಳನ್ನು ಹೊಲಿದು ಇಳಿಬಿಟ್ಟಿದ್ದರು. ಗಾಳಿಗೆ ಅದು ಹೊಟ್ಟೆ ಉಬ್ಬಿಸುತ್ತಿತ್ತು. ಅದರ ಒಳಗೇ ಮೋನಮ್ಮನ ಮಂಚ. ಹೆಂಡತಿ ಕರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಮುಖ ನೋಡಿದವಳೇ, "ಏನಂದ್ರು?" ಎಂದಳು.

"ಕರ ಇಲ್ಲಂತ."

"ಚಲೋ ಆತು ಬಿಡ್ರಿ! ನಾಳಿ ಬ್ಯಾಂಕಿಗಿ ಹಾಕ್ರಿ."

"ಹಾಕಂಗಿಲ್ಲ. ತಿರುಗಿ ಕೊಟ್ಟ ಬಿಡ್ತೀನಿ."

ಕರೆಮ್ಮನ ಕೈಯಲ್ಲಿದ್ದ ಹಿಟ್ಟು ಪರಾತಕ್ಕೆ ಬಿತ್ತು. ಐದು ತಿಂಗಳು ಹಲ್ಲು ಕಚ್ಚಿ ಸುಮ್ಮನಿದ್ದವಳು ಅವಳು. "ಕೊಟ್ಟ ಬರ್ರಿ! ಮಳಿ ಬರ್ಲಿ, ನಿಮ್ಮ ಕರದ ಕಾಗದ ಹೊಚಗೊಂಡು ಎಲ್ಲಾರೂ ಮಕ್ಕೊಳ್ಳೂಣು. ಅತ್ತಿ, ಕೇಳ್ರಿ ಇಲ್ಲಿ. ನಿಮ್ಮ ಮಗ ಮೂವತ್ತೈದು ಸಾವಿರದ ಚೆಕ್ಕ ಐದು ತಿಂಗಳಾತು ಕಿಸೇದಾಗ ಇಟಗೊಂಡು ಅಡ್ಡಾಡಾಕತ್ಯಾರ!"

ಮಂಚ ಕಿರುಗುಟ್ಟಿತು. ಮೋನಮ್ಮ ಎದ್ದು ಕುಳಿತು, ಕೋಲನ್ನು ತಡಕಿ ಹಿಡಿದಳು.

"ಯಾತರ ಚೆಕ್ಕ?"

ಇನ್ನು ಮುಚ್ಚಿಡುವಂತಿರಲಿಲ್ಲ. ಚಂದ್ರಾಮಪ್ಪ ಅವ್ವನ ಮುಂದೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಸರ್ಕಾರ ಕೊಟ್ಟದ್ದು, ತಾನು ಕರ ಕಟ್ಟಲು ಹೋದದ್ದು, ಕರೀಮಸಾಬ್ರು ಆಗದೆಂದದ್ದು. ಕಡೆಗೆ ಗಂಜಿಯ ಸಾಲಿನ ಮಾತನ್ನೂ ಹೇಳಿದ. "ನೀನ ಹೇಳಿದ್ಯಲ್ಲ ಯವ್ವ, ಮದಲ ಬುಟ್ಟಿ ಹೊರು ಅಂತ. ಇದಕ್ಕ ನಾ ಏನ ಹೊತ್ತೀನಿ? ಅದಕ್ಕ ಮನಸ ಬರವಲ್ತು."

ಮುದುಕಿ ಸಿಟ್ಟಿನಲ್ಲಿ ಕಿವಿ ಹಿಡಿಯುತ್ತಾಳೆಂದೇ ಅವನು ಕಾದಿದ್ದ. ಸಿಟ್ಟು ಬಂತು ಕೂಡ. ಆದರೆ ಬೇರೆ ದಿಕ್ಕಿನಿಂದ ಬಂತು.

"ನೀ ಹೊತ್ತಿಲ್ಲ ಖರೆ," ಎಂದಳು ಮೋನಮ್ಮ. "ಈ ಗ್ವಾಡಿಗಿ ಯಾರ ಹೊತ್ತಾರ ಗೊತ್ತದ ಏನು? ಮುಂಜಾನಿಂದ ಹೊತ್ತ ಮುಣಗೂತನ ಸರ್ಕಾರದ ರಸ್ತಾಕ್ಕ ಬುಟ್ಟಿ ಹೊರತಿದ್ನಿ. ಮನಿಗಿ ಬರಾಗ ಕೆರಿಯಿಂದ ದಿನಾ ನಂದೊಂದ ಬುಟ್ಟಿ. ಎಲ್ಲಾರೂ ಹೊಟ್ಟಿ ಹಿಡಕೊಂಡು ಮನಿಗಿ ಹೊಂಟ್ರ ನಾ ಮಣ್ಣ ಹೊತಗೊಂಡು ಬರತಿದ್ನಿ. ಎರಡ ಬ್ಯಾಸಗಿ! ನಿಮ್ಮಪ್ಪ ಕಲ್ಲ ಇಟ್ಟ, ನಾ ಮಣ್ಣ ತುಳದೆ. ಕೋಲ ತಗೊಂಡು ಒಂದೊಂದ ಕಲ್ಲ ಬಡದ ನೋಡಿ, ಪೊಳ್ಳ ಇದ್ದಲ್ಲಿ ಬಿಚ್ಚಿಸಿ ಕಟಸೀನಿ. ಮೂವತ್ತೇಳ ವರ್ಷ ನಿಂತದ ಅದು."

ಅವಳು ಗೋಣಿತಟ್ಟಿನ ಕಡೆ ಕೋಲು ಚಾಚಿದಳು.

"ನಿಂತ ನಿಂತ ಬಿತ್ತು. ಅದಕ್ಕ ಕೊಟ್ಟಾರ. ಬುಟ್ಟಿ ನಾ ಮದಲ ಹೊತ್ತೀನಿ, ಅವರು ಈಗ ಕೊಡಾಕತ್ತಾರ. ಇದರಾಗ ಪುಕ್ಕಟ ಎಲ್ಲಿಂದ ಬಂತೋ? ನನ್ನ ಗ್ವಾಡಿ ಬಿದ್ದದ್ದು ನಿನಗ ಗಳಿಕಿ ಆತೇನು, ಅದಕ್ಕ ಕರ ಕಟ್ಟಾಕ ಹೋಗಿದ್ದಿ?"

ಕರೆಮ್ಮ ರೊಟ್ಟಿಯನ್ನು ತವೆಯ ಮೇಲೆ ಮರೆತುಬಿಟ್ಟಿದ್ದಳು. ಸೀದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಚಂದ್ರಾಮಪ್ಪ ತಲೆ ಎತ್ತಲಿಲ್ಲ. ಆ ಬುಟ್ಟಿಗಳನ್ನು ಹುಡುಗನಾಗಿ ಕಣ್ಣಾರೆ ಕಂಡು, ಗೋಡೆ ತಟ್ಟಿಯೇ ಹೊಟ್ಟೆ ಹೊರೆದವನಿಗೆ, ಈ ಚೆಕ್ಕಿನ ಹಿಂದೆ ಅವ್ವನ ಬುಟ್ಟಿಗಳಿವೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಎದೆ ತುಂಬಿ ಬಂತು. ಇಂಥ ಅವ್ವನ ಮಗ ತಾನು.

ಮರುದಿನ ಶಹಾಪುರದ ಬ್ಯಾಂಕಿನಲ್ಲಿ ಚೆಕ್ಕು ಹಾಕಿ, ಹೊರಗಿನ ಬೂತಿನಿಂದಲೇ ಕರೀಮರಿಗೆ ಫೋನು ಮಾಡಿದ. "ಆ ಬ್ಯಾರೆ ಕಾಲಂದಾಗ ಬರೀರಿ. ಮೋನಮ್ಮನ ಗ್ವಾಡಿ ಅಂತ ಬರೀರಿ."

"ಹೆಸರ ಬರಿಯೂ ಜಾಗ ಇಲ್ಲ ಭಾಯಿ. ಬರೇ ಅಂಕಿ."

"ಹಂಗಾರ ಅಂಕಿನ ದಪ್ಪಗ ಬರೀರಿ," ಎಂದ ಚಂದ್ರಾಮಪ್ಪ. ಆ ಕಡೆ ಕರೀಮರು ನಕ್ಕದ್ದು ಬೂತಿನವನಿಗೂ ಕೇಳಿಸಿತು.

ಗೌಂಡಿ ದುರಗಪ್ಪ ವಾರದೊಳಗೆ ಕೆಲಸ ಹಿಡಿದ. ಹಳೆಯ ಕಲ್ಲುಗಳನ್ನೇ ತೊಳೆದು ಇಟ್ಟ. ಈ ಸಲ ಸಂದಿಗೆ ಸಿಮೆಂಟು. ಸಂಜೆ ಡ್ಯೂಟಿ ಮುಗಿಸಿ ಬಂದ ಚಂದ್ರಾಮಪ್ಪ ತನ್ನ ಸುತ್ತಿಗೆಯಿಂದ ಗೋಡೆಯುದ್ದಕ್ಕೂ ತಟ್ಟಿ ನೋಡುತ್ತಿದ್ದ. ಎದೆಮಟ್ಟ ಬಂದ ದಿನ ಎಲ್ಲ ಕಡೆ ತಟ್ಟಿ, "ಪಾಸು," ಎಂದು ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ದುರಗಪ್ಪ ಬೀಡಿ ಹಚ್ಚಿದ.

ಮೋನಮ್ಮ ಮಂಚದಿಂದ ಇಳಿದು ಬಂದಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯ ಕೋಲಿನಿಂದ ಒಂದೊಂದೇ ಕಲ್ಲನ್ನು ಬಡಿಯುತ್ತ, ಕಿವಿಯನ್ನು ಗೋಡೆಯ ಹತ್ತಿರ ಒಯ್ಯುತ್ತ ಸಾಗಿದಳು. ಮೂಲೆ ಮುಟ್ಟಲು ಇನ್ನು ನಾಲ್ಕು ಕಲ್ಲು ಉಳಿದಿರುವಾಗ ನಿಂತಳು. ಮತ್ತೊಮ್ಮೆ ಬಡಿದಳು.

"ಇಲ್ಲಿ ಪೊಳ್ಳದ. ಬಿಚ್ಚು."

"ಆಯಿ, ಸಾಹೇಬ್ರು ಪಾಸ ಮಾಡ್ಯಾರ," ಎಂದ ದುರಗಪ್ಪ, ಬೀಡಿ ಬಾಯಿಗೆ ಒಯ್ಯುತ್ತ.

ಚಂದ್ರಾಮಪ್ಪ ಸುತ್ತಿಗೆಯನ್ನು ಮತ್ತೆ ತೆಗೆದು ಅವ್ವ ತೋರಿಸಿದ ಕಡೆ ತಟ್ಟಿದ. ಕಿವಿ ಇಟ್ಟ. ಇನ್ನೊಮ್ಮೆ ತಟ್ಟಿದ. ಅವನ ಮುಖದ ಮೇಲೆ ನಗು ಹರಡಿತು. ಇಡೀ ಕಾಲುವೆಯ ಮೇಲೆ ಅವನ ಕಿವಿಯನ್ನು ತಪ್ಪೆಂದು ತೋರಿಸಿಕೊಟ್ಟವರು ಯಾರೂ ಇರಲಿಲ್ಲ.

"ಬಿಚ್ಚೋ ದುರಗಪ್ಪ," ಎಂದ. "ಆಕಿ ಹೇಳಿದ ಮ್ಯಾಲ ಮುಗೀತು."

ಅಂಗಿ ಕಳಚಿ ಗೂಟಕ್ಕೆ ಹಾಕಿ, ಉಸುಕಿನ ರಾಶಿಗೆ ಹೋಗಿ ಬುಟ್ಟಿ ತುಂಬಿಕೊಂಡ. ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ, "ತಡಿ," ಎಂದಳು ಮೋನಮ್ಮ. ಹೆಗಲ ಮೇಲಿದ್ದ ಹಳೆಯ ಅರಿವೆಯನ್ನು ತೆಗೆದು ಸಿಂಬಿ ಸುತ್ತಿದಳು. ಮಗ ಮೊಣಕಾಲೂರಿ ತಲೆ ಬಗ್ಗಿಸಿದ. ಅವಳು ಸಿಂಬಿಯನ್ನು ಅವನ ನರೆತ ತಲೆಯ ನಡುವೆ ಇಟ್ಟು, ಎರಡೂ ಕೈಯಿಂದ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ನೋಡಿದಳು.